ಮೇಲೆ ಒಂದು, ತಾಳೆ ಎರಡು

ಹಸಿರು ಗೆರೆಗಳು ಮೊದಲು ಪರದೆಯ ಬಲ ಅಂಚಿನಲ್ಲಿ ಮಾತ್ರ ಇದ್ದವು. ಒರೆಸಿದರೆ ಹೋಗುತ್ತವೇನೋ ಎಂದು ಶ್ಯಾಮಳ ಸೆರಗಿನಿಂದ ಒರೆಸಿ ನೋಡಿದಳು. ಅಷ್ಟರಲ್ಲಿ ಅವು ನಡುವಿನವರೆಗೂ ಬಂದು, ಅಕ್ಷರಗಳನ್ನೆಲ್ಲ ಸೀಳಿಹಾಕಿ, ಪರದೆ ಜಮಖಾನೆಯಂತೆ ಪಟ್ಟೆಪಟ್ಟೆಯಾಗಿ ನಿಂತುಬಿಟ್ಟಿತು. ಗೋಡೆ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು. ಹನ್ನೊಂದು ಗಂಟೆಗೆ ಇಂಟರ್‌ವ್ಯೂ.

"ಮಾವಾ, ಇದು ಮತ್ತೆ ಶುರು ಮಾಡ್ಕೊಂತು!"

ಜಗಲಿಯ ಚಾಪೆಯಲ್ಲಿ ಕಾಳುಮೆಣಸಿನ ಕಸ ಕಡ್ಡಿ ಆರಿಸುತ್ತಿದ್ದ ಬಾಲಕೃಷ್ಣನ್ ಎದ್ದು ಬಂದರು. ಎಪ್ಪತ್ತಾರು ವರ್ಷದ ಮನುಷ್ಯ. ಕನ್ನಡಕವನ್ನು ಹಣೆಯಿಂದ ಮೂಗಿಗಿಳಿಸಿ ಪರದೆಯನ್ನು ದಿಟ್ಟಿಸಿದರು.

"ಆಫ್ ಮಾಡಿ ಆನ್ ಮಾಡು," ಎಂದರು. ಅವರಿಗೆ ಗೊತ್ತಿದ್ದ ರಿಪೇರಿ ಅದೊಂದೇ. ಟಿವಿಗೂ ಪಂಪ್‌ಸೆಟ್ಟಿಗೂ ಅದೇ ಮದ್ದು.

ಆಫ್ ಮಾಡಿ ಆನ್ ಮಾಡಿದಳು. ಗೆರೆಗಳು ಈ ಸಲ ಮೊದಲಿನಿಂದಲೇ ಬಂದವು.

ಮಾನಂತವಾಡಿ ಕಡೆಯ ಒಂದು ಆಸ್ಪತ್ರೆಯವರು ದುಭಾಷಿಯೊಬ್ಬರು ಬೇಕೆಂದಿದ್ದರು. ಗಡಿಯ ಹೊಳೆಯಾಚೆ ಕರ್ನಾಟಕದ ದಡದಿಂದ, ಬಾವಲಿಯ ಕಾಡಂಚಿನ ಆದಿವಾಸಿ ಹಾಡಿಗಳಿಂದ ಬರುವ ರೋಗಿಗಳ ಬಾಯಲ್ಲಿ ಕನ್ನಡ. ಡಾಕ್ಟರುಗಳ ಬಾಯಲ್ಲಿ ಮಲಯಾಳ. ದುಭಾಷಿ ತನ್ನ ಮನೆಯಲ್ಲೇ ಕೂತು, ಪರದೆಯ ಮೇಲೆ ಮುಖ ತೋರಿಸಿ, ಇವರ ಮಾತನ್ನು ಅವರಿಗೆ ಅವರ ಮಾತನ್ನು ಇವರಿಗೆ ದಾಟಿಸಬೇಕು. ಶ್ಯಾಮಳ ಈ ಕೆಲಸವನ್ನು ಹದಿನೈದು ವರ್ಷದಿಂದ ಬಿಟ್ಟಿಯಾಗಿ ಮಾಡುತ್ತಲೇ ಇದ್ದಳು. ಹೊಳೆಯ ಈಚೆ ದಡದ ಅವಳ ಊರು ಮರಕ್ಕಡವಿನಲ್ಲಿ ಕನ್ನಡ ಮಾತಾಡುವ ಯಾವ ಮನೆಯಲ್ಲಿ ಕಾಯಿಲೆಯಾದರೂ "ಶ್ಯಾಮಳನ್ನ ಕರ್ಕೊಂಡೋಗಿ" ಎನ್ನುವವರೇ. ಬಸ್ಸಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ಹೋಗುವರು, ಬರುವಾಗ ಒಂದು ಚಹಾ ಕೊಡಿಸುವರು. ಅವಳೇನು ಮಾಡಿಕೊಂಡಿದ್ದಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ, ಅವಳ ಗಂಡ ಸಜೀವನೂ ಸೇರಿ ಎಲ್ಲರೂ "ಮನೇಲಿದ್ದಾಳೆ" ಎನ್ನುವರು. ನಲವತ್ತಮೂರರ ಶ್ಯಾಮಳಳಿಗೆ ಆ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು. ಈ ಕೆಲಸ ಅವಳಿಗೆ ಬೇಕಿತ್ತು. ಬಾಯಿಬಿಟ್ಟು ಯಾರ ಹತ್ತಿರವೂ ಹೇಳದಷ್ಟು ಬೇಕಿತ್ತು.

ಹೋದ ತಿಂಗಳು ಒಮ್ಮೆ ಕರೆದಿದ್ದರು. ಆವತ್ತೂ ಇದೇ ಲ್ಯಾಪ್‌ಟಾಪು ಇದೇ ಹಸಿರು ಗೆರೆ ತೋರಿಸಿ ಕೈಕೊಟ್ಟಿತ್ತು. ಆಸ್ಪತ್ರೆಯ ಆಫೀಸಿನ ರತೀಶ್ ಎಂಬವರು, ಇನ್ನೊಂದು ಸಲ ಕೊಡುತ್ತೇವೆ, ಅದೇ ಕೊನೆ, ಹತ್ತು ನಿಮಿಷ ತಡವಾದರೆ ಬೇರೆಯವರನ್ನು ಕರೆಯುತ್ತೇವೆ ಎಂದು ಮೆಸೇಜು ಹಾಕಿದ್ದರು. ಫೋನಿನಲ್ಲಿ ಆಗುವುದಿಲ್ಲವೇ ಎಂದು ಕೇಳಿದ್ದಕ್ಕೆ, ರೋಗಿಯ ಚಿತ್ರವೂ ಓದಬೇಕಾದ ಕಾಗದವೂ ಒಟ್ಟಿಗೆ ಕಾಣಬೇಕು, ಕಂಪ್ಯೂಟರೇ ಬೇಕು ಎಂದಿದ್ದರು.

ರಿಪೇರಿಗೆ ಹತ್ತಿರದ ಪೇಟೆ ಪುಲ್ಪಳ್ಳಿಗೆ ಓಡೋಣವೆಂದರೆ ಅಲ್ಲಿ ಅಂದು ಹರತಾಳ. ಹಿಂದಿನ ದಿನ ಕಾಡಂಚಿನಲ್ಲಿ ಆನೆ ತುಳಿದು ಒಬ್ಬ ಕೂಲಿಯವನು ತೀರಿಹೋಗಿದ್ದ. ಬಸ್ಸಿಲ್ಲ, ಅಂಗಡಿಗಳ ಶಟರು ಇಳಿದಿತ್ತು. ಹತ್ತಿರದಲ್ಲಿ ಇನ್ನೊಂದು ಲ್ಯಾಪ್‌ಟಾಪ್ ಇದ್ದದ್ದು ಶಾಲೆಯ ಮೇಷ್ಟ್ರು ಕುಂಞಿರಾಮನ್ ಮಾಷ್ ಮನೆಯಲ್ಲಿ. ಮಾಷ್ ಮಗಳ ಮನೆಗೆ ಹೋಗಿ ವಾರವಾಗಿತ್ತು. ಸಜೀವ ಹೊಳೆಯಾಚೆ ಗುತ್ತಿಗೆಗೆ ಹಿಡಿದ ಶುಂಠಿ ಹೊಲದಲ್ಲಿದ್ದ. ಇದ್ದಿದ್ದರೂ ಅವನು ಮಾಡುವಂಥದ್ದೇನೂ ಇರಲಿಲ್ಲ.

ಉಳಿದವಳು ಸುನಿತ. ಶ್ಯಾಮಳಳ ದೊಡ್ಡಪ್ಪನ ಮಗಳು, ಅವಳಿಗಿಂತ ಮೂರು ವರ್ಷ ದೊಡ್ಡವಳು. ಅವಳ ಅಪ್ಪ ಹೊಳೆ ದಾಟಿ ಇತ್ತ ಬಂದರೂ ದೊಡ್ಡಪ್ಪ ಬಂದವರಲ್ಲ, ಹಾಗಾಗಿ ಸುನಿತ ಹುಟ್ಟಿ ಬೆಳೆದದ್ದೆಲ್ಲ ಆಚೆ ದಡದಲ್ಲಿ. ಈಗ ಮೈಸೂರಿನಲ್ಲಿ ಗಂಡನ ಜೊತೆ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಸುತ್ತಿದ್ದಳು. ಈ ಹಳೇ ಲ್ಯಾಪ್‌ಟಾಪು ಅವಳ ಅಂಗಡಿಯಿಂದಲೇ ಬಂದದ್ದು.

ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಜಾಗದಲ್ಲಿ, ಹೊಳೆಯ ಕಡೆಗಿನ ಕಿಟಕಿಯ ಸರಳಿನ ಹತ್ತಿರ. ಅದೂ ಕರ್ನಾಟಕದ ಟವರಿನದು. ಲ್ಯಾಪ್‌ಟಾಪನ್ನು ಅಲ್ಲಿಗೆ ಒಯ್ಯುವಂತಿರಲಿಲ್ಲ. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು, ಪ್ಲಗ್ ಇದ್ದದ್ದು ಎದುರು ಗೋಡೆಯಲ್ಲಿ. ಕೇಬಲ್‌ನವನು ಎಳೆದುಕೊಟ್ಟ ಇಂಟರ್‌ನೆಟ್ ತಂತಿಯೂ ಮೇಜಿನ ತನಕ ಮಾತ್ರ. ಶ್ಯಾಮಳ ಕಿಟಕಿಗೆ ಆತುಕೊಂಡು, ಫೋನಿನ ಸ್ಪೀಕರ್ ಹಾಕಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು.

"ಅಯ್ಯೋ, ಅದು ಗ್ರಾಫಿಕ್ಸ್ ಚಿಪ್ಪು ಕಣೇ," ಎಂದಳು ಸುನಿತ. "ಚಿತ್ರ ತೋರ್ಸೋ ಚಿಪ್ಪು. ಕಾದು ಕಾದು ಅದರ ಬೆಸುಗೆ ಬಿಟ್ಕಂಡದೆ. ಆ ಮಾಡೆಲ್ಲೇ ಅಂಗೆ. ಆದ್ರೆ ಅದರೊಳ್ಗೆ ಇನ್ನೊಂದು ಸಣ್ಣ ಚಿಪ್ಪದೆ. ದೊಡ್ಡದ್ನ ಬಂದ್ ಮಾಡ್ಬುಟ್ಟು ಸಣ್ಣದ್ರಲ್ಲೇ ಓಡಿಸ್ಬೈದು. ಒಸಿ ನಿಧಾನ ಆಯ್ತದೆ, ಅಷ್ಟೇ."

"ಕುಂಟೆತ್ತು ಬಿಚ್ಚಿ ಒಂಟೆತ್ತಿನ ಗಾಡಿ ಹೂಡೋದು ಅನ್ನು," ಎಂದರು ಬಾಲಕೃಷ್ಣನ್, ಸೊಸೆಯ ಭುಜದ ಮೇಲಿಂದ.

"ಅಂಗೇ ಮಾವ. ಶ್ಯಾಮಿ, ಅದೇ ಮಾಡೆಲ್ಲು ಇಲ್ಲಿ ನನ್ನ ಟೇಬಲ್ ಮೇಲೂ ಅದೆ. ನಾನು ಇದ್ರಲ್ಲಿ ನೋಡ್ಕಂಡು ಒಂದೊಂದೇ ಕೀ ಹೇಳ್ತೀನಿ, ನೀನು ಅಲ್ಲಿ ಒತ್ತು. ಪರದೆ ಕಾಣದೇ ಇದ್ರೂ ನಡೀತದೆ."

ಹೀಗೆ ಬಾಲಕೃಷ್ಣನ್ ಫೋನು ಹಿಡಿದು ಕಿಟಕಿಯ ಹತ್ತಿರ ನಿಂತರು. ಶ್ಯಾಮಳ ಕೋಣೆಯ ಆ ಕೊನೆಯಲ್ಲಿ ಮೇಜಿನ ಮುಂದೆ ಕೂತಳು. ಫೋನಿನ ದನಿ ಅಲ್ಲಿಗೆ ಸ್ಪಷ್ಟವಾಗಿ ಮುಟ್ಟದು; ಸುನಿತ ಹೇಳಿದ್ದನ್ನು ಅವರು ಕೇಳಿ, ಇತ್ತ ತಿರುಗಿ ಕೂಗಿ ಹೇಳುವುದು. ದುಭಾಷಿಯ ಕೆಲಸ ಮಾವನ ಪಾಲಿಗೆ ಬಂತಲ್ಲ ಎಂದು ಬೇರೆ ದಿನವಾಗಿದ್ದರೆ ಶ್ಯಾಮಳ ನಗುತ್ತಿದ್ದಳು.

"ಆನ್ ಮಾಡ್ತಿದ್ದಂಗೇ ಎಫ್ ವನ್ ಒತ್ತಬೇಕಂತೆ! ಬಿಡದೇ ಒತ್ತಬೇಕಂತೆ!"

ಒತ್ತಿದಳು. ಗೆರೆಗಳ ಹಿಂದೆ ಏನೋ ಬೆಳ್ಳಗೆ ಬಂದಂತಾಯಿತು. ಓದುವಂತಿರಲಿಲ್ಲ.

"ವಲತ್ತ್ ಬಾಣ ಒಂದು! ಆಯ್ತಾ? ಇನ್ನು ತಾಳೆ ನಾಲ್ಕು! ಎಂಟರ್! ಮತ್ತೆ ತಾಳೆ ಎರಡು! ಎಂಟರ್!"

ಬಾಲಕೃಷ್ಣನ್ ಐವತ್ತು ವರ್ಷ ಪುಲ್ಪಳ್ಳಿ ಸಂತೆಯಲ್ಲಿ ಮೆಣಸು ಮಾರಿದವರು. ಮನೆಯಲ್ಲಿ ಕನ್ನಡ, ಆದರೆ ಗಡಿಬಿಡಿಯಾದರೆ ಬಲಕ್ಕೆ ವಲತ್ತ್, ಕೆಳಗೆ ಎನ್ನುವುದಕ್ಕೆ ತಾಳೆ. ಮಲಯಾಳದವರು ನಾಲಗೆ ಮಡಚಿ ಹೇಳುವ ಆ ಅಕ್ಷರ ಅವರ ಬಾಯಲ್ಲಿ ಬರೀ ಳ. ಶ್ಯಾಮಳಳಿಗೂ ಅದು ಹೊಸದಲ್ಲ. ಶಾಲೆಯಿಂದ ಹಿಡಿದು ಕಂಪ್ಯೂಟರ್ ಕ್ಲಾಸಿನವರೆಗೆ ಅವಳು ಕಲಿತದ್ದೆಲ್ಲ ಮಲಯಾಳದಲ್ಲೇ. ತಾಳೆ ಎಂದರೆ ಬೆರಳು ತಾನಾಗಿ ಕೆಳಗಿನ ಬಾಣಕ್ಕೆ ಹೋಗುತ್ತಿತ್ತು.

"ಈಗ ಮೂರು ಹೆಸರು ಬಂದಿರ್ತಾವಂತೆ, ಒಂದರ ಕೆಳಗೊಂದು. ಮೇಲ್ಗಡೆದು ಸಣ್ಣ ಚಿಪ್ಪು, ನಡುವಿಂದು ಎರಡೂ, ಕೆಳಗಿಂದು ದೊಡ್ಡದು. ನೀನೀಗ ನಡುವಿನದ್ರಲ್ಲಿದ್ದೀಯ. ಮೇಲೆ ಒಂದು!"

ಮೇಲೆ ಒಂದು ಒತ್ತಿದಳು. ಕಿಟಕಿಯ ಹತ್ತಿರ ಫೋನಿನಲ್ಲಿ ಬೇರೆ ಯಾರದೋ ಗಂಡಸಿನ ದನಿ ಕೇಳಿತು, ಸುನಿತ ಏನೋ ಅಂದಳು.

"ತಾಳೆ, ತಾಳೆ!" ಎಂದು ಕೂಗಿದರು ಬಾಲಕೃಷ್ಣನ್.

ಶ್ಯಾಮಳ ಕೆಳಗಿನ ಬಾಣವನ್ನು ಎರಡು ಸಲ ಒತ್ತಿದಳು. ಮೇಲೆ ಹೋಗಿ ಮತ್ತೆ ಯಾಕೆ ಕೆಳಗೆ ಎಂದು ಒಂದು ಗಳಿಗೆ ಅನ್ನಿಸಿತು. ಕೇಳಲಿಲ್ಲ. ಗಡಿಯಾರ ಹತ್ತೂ ಐದು ತೋರಿಸುತ್ತಿತ್ತು.

"ಎಂಟರ್! ಇನ್ನು ಎಫ್ ಟೆನ್, ಮತ್ತೆ ಎಂಟರ್! ಅಷ್ಟೇ, ಮುಗೀತಂತೆ!"

ಯಂತ್ರ ತಾನಾಗಿ ಆರಿ ಮತ್ತೆ ಹೊತ್ತಿಕೊಂಡಿತು. ಫ್ಯಾನು ಗುಂಯ್‌ಗುಟ್ಟಿತು. ಪರದೆ ಕಪ್ಪಗಿತ್ತು. ಶ್ಯಾಮಳ ಕಾದಳು. ವಿಂಡೋಸ್ ತೆರೆದುಕೊಂಡಾಗ ಬರುವ ಶಬ್ದವೂ ಬಂತು, ಪರದೆ ಮಾತ್ರ ಕಪ್ಪು ಬಿಟ್ಟು ಕದಲಲಿಲ್ಲ. ಮೊದಲು ಗೆರೆಗಳಾದರೂ ಇದ್ದವು. ಈಗ ಅದೂ ಇಲ್ಲ. ಆ ಕಪ್ಪಿನಲ್ಲಿ ಅವಳದೇ ಮುಖ, ಇಂಟರ್‌ವ್ಯೂಗೆಂದು ಬೆಳಿಗ್ಗೆಯೇ ಇಟ್ಟುಕೊಂಡ ಬೊಟ್ಟು ಸಮೇತ ಕಾಣುತ್ತಿತ್ತು.

ಅವಳು ಎದ್ದು ಹೋಗಿ ಮಾವನ ಕೈಯಿಂದ ಫೋನು ತೆಗೆದುಕೊಂಡಳು. "ಅಕ್ಕಾ, ಪೂರ್ತಿ ಹೋಯ್ತು. ಏನೂ ಕಾಣ್ತಿಲ್ಲ."

"ಹೋಗೋ ಮಾತೇ ಇಲ್ಲ. ನೀನು ಏನೇನ್ ಒತ್ತಿದೆ, ಕ್ರಮವಾಗಿ ಹೇಳು."

ಹೇಳಿದಳು. "... ಆಮೇಲೆ ಮೇಲೆ ಒಂದು, ಕೆಳಗೆ ಎರಡು, ಎಂಟರ್."

"ಕೆಳಗೆ ಎರಡಾ? ಅದ್ಯಾರು ಹೇಳಿದ್ದು?"

"ನೀನೇ ಅಂದ್ಯಲ್ಲ. ತಾಳೆ, ತಾಳೆ ಅಂತ."

ಸುನಿತ ನಿಧಾನವಾಗಿ ಹೇಳಿದಳು: "ಗಿರಾಕಿ ಬಂದಿದ್ರು ಕಣೇ. ಒಂಚೂರು ತಾಳೇ, ತಾಳೇ ಶ್ಯಾಮಿ ಅಂದೆ ನಾನು. ನಿಂತ್ಕೋ ಅಂತ."

ತಾಳು ಎಂದರೆ ತಡೆ, ಸ್ವಲ್ಪ ನಿಲ್ಲು. ಹುಟ್ಟಿದಾಗಿನಿಂದ ಅವ್ವನ ಬಾಯಲ್ಲಿ, ಅಜ್ಜಿಯ ಬಾಯಲ್ಲಿ ಕೇಳಿದ ಮಾತು. ಹೊಳೆಯಾಚೆಯಿಂದ ತಡೆ ಎಂದು ಹೊರಟದ್ದು ಕೋಣೆ ದಾಟುವಷ್ಟರಲ್ಲಿ ಕೆಳಗೆ ಎಂದಾಗಿ, ಒಳ್ಳೆಯ ಚಿಪ್ಪನ್ನು ಬಂದ್ ಮಾಡಿಸಿ ಕೆಟ್ಟದ್ದರ ಕೈಗೇ ಯಂತ್ರವನ್ನು ಒಪ್ಪಿಸಿಬಿಟ್ಟಿತ್ತು.

"ನಾನೇನ್ ಮಾಡ್ಲಿ?" ಎಂದರು ಬಾಲಕೃಷ್ಣನ್. "ಅವ್ಳು ಅಂದಿದ್ನೇ ಅಂದೆ. ಒಂದಕ್ಷರ ಆಚೀಚೆ ಮಾಡ್ನಿಲ್ಲ."

"ಅಂದಿದ್ನೇ ಅಂದ್ರೆ ಸಾಕಾ ಮಾವ? ಯಾಕಂದ್ಳು ಅಂತ ಬೇಡ್ವಾ?"

ಅಷ್ಟು ಒರಟಾಗಿ ಅವಳು ಮಾವನಿಗೆ ಎಂದೂ ಮಾತಾಡಿದ್ದಿಲ್ಲ. ಬಾಲಕೃಷ್ಣನ್ ಕನ್ನಡಕ ತೆಗೆದು ಪಂಚೆಯ ಚುಂಗಿನಿಂದ ಒರೆಸತೊಡಗಿದರು, ಒರೆಸುತ್ತಲೇ ಜಗಲಿಗೆ ಹೋದರು. ಶ್ಯಾಮಳಳಿಗೆ ಅಳು ಬಂತು. ಮಾವನನ್ನು ಅಂದದ್ದಕ್ಕಲ್ಲ. ಅಂದ ಮಾತು ತನಗೇ ಬಂದು ತಗುಲಿತ್ತು. ಮೇಲೆ ಹೋಗಿ ಮತ್ತೆ ಯಾಕೆ ಕೆಳಗೆ ಎಂದು ಅನ್ನಿಸಿದ್ದು ತನಗೆ. ಬಾಯಿಬಿಟ್ಟು ಕೇಳದೆ ಒತ್ತಿದ್ದು ತಾನು. ಎರಡು ಭಾಷೆ ಬಲ್ಲೆ ಎಂದು ಹದಿನೈದು ವರ್ಷ ಡಾಕ್ಟರರ ಮುಂದೆ ಕೂತು ಹೀಗೆ ಎಷ್ಟು ಜನರ ಮಾತನ್ನು ಕೆಳಗೆ ಮೇಲೆ ಮಾಡಿದ್ದೇನೋ ಯಾರು ಕಂಡರು? ಪರದೆ ಹಾಳಾದದ್ದೇ ಒಳ್ಳೆಯದಾಯಿತೇನೋ, ಇಂಥವಳನ್ನು ಅಲ್ಲಿ ಕೂರಿಸಬಾರದು ಎಂದೂ ಅನ್ನಿಸಿಹೋಯಿತು.

"ಶ್ಯಾಮಿ, ಇದ್ದೀಯಾ? ಟೈಮ್ ಎಷ್ಟು?"

"ಹತ್ತೂ ಹದಿನೆಂಟು."

"ಬೇಕಾದಷ್ಟು ಟೈಮದೆ. ಕೀಗಳು ಕೆಲಸ ಮಾಡ್ತಾವೆ, ಪರದೆ ಒಂದೇ ಕುರುಡು. ಮತ್ತೆ ಮಾಡು. ಈಗ ನೀನು ಮೂರನೇದ್ರಲ್ಲಿದ್ದೀಯ, ಅದಕ್ಕೆ ಕೊನೇಲಿ ಮೇಲೆ ಎರಡು ಒತ್ಬೇಕು. ಮಾವನ್ನ ಕರಿ, ಹೇಳ್ತೀನಿ."

"ಬೇಡ," ಎಂದಳು ಶ್ಯಾಮಳ. "ಒಂದು ಪೇಪರ್ ತರ್ತೀನಿ. ಮೊದಲಿಂದ ಹೇಳು. ನಾನು ತಿರುಗಿ ಹೇಳ್ತೀನಿ, ನೀನು ಹೂಂ ಅನ್ನು. ಹೂಂ ಅನ್ನೋಗಂಟ ನಾನು ಬರೆಯಲ್ಲ."

ಗೋಡೆಯ ಕ್ಯಾಲೆಂಡರಿನಿಂದ ಕಳೆದ ತಿಂಗಳ ಹಾಳೆ ಹರಿದುಕೊಂಡು, ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಂಡು ಬರೆದಳು. ಮೇಲೆ ಎಂದು ಬರೆಯಲಿಲ್ಲ, ಕೆಳಗೆ ಎಂದೂ ಬರೆಯಲಿಲ್ಲ. ಬಾಣದ ಗುರುತುಗಳನ್ನೇ ಎಳೆದಳು, ಎಷ್ಟು ಸಲವೋ ಅಷ್ಟು ಬಾಣ. ಕೊನೆಯಲ್ಲಿ ಸುನಿತ ಪೂರ್ತಿ ಇನ್ನೊಂದು ಸಲ ಕೇಳಿಸಿಕೊಂಡು ಹೂಂ ಎಂದಳು. ಫೋನನ್ನು ಸರಳಿಗೆ ಆನಿಸಿಟ್ಟು, ಹಾಳೆ ಹಿಡಿದು ಶ್ಯಾಮಳ ಮೇಜಿಗೆ ಬಂದಳು.

ಮೊದಲ ಸಲ ಎಫ್ ವನ್ ಒತ್ತುವುದು ತಡವಾಯಿತು. ಕಪ್ಪು ಪರದೆಯ ಹಿಂದಿನಿಂದ ವಿಂಡೋಸಿನ ಶಬ್ದ ಬಂದು ಅಣಕಿಸಿತು. ಮತ್ತೆ ಆಫ್ ಮಾಡಿದಳು. ಎರಡನೇ ಸಲ ಬೆರಳನ್ನು ಆ ಕೀಯ ಮೇಲೆ ಇಟ್ಟುಕೊಂಡೇ ಆನ್ ಮಾಡಿ ಒತ್ತುತ್ತ ಹೋದಳು. ಶಬ್ದ ಬರಲಿಲ್ಲ. ಒಳಗೆ ಹೊಕ್ಕಿದ್ದೇನೋ, ಇಲ್ಲ ಯಂತ್ರವೇ ಸತ್ತಿದೆಯೋ? ತಿಳಿಯುವ ದಾರಿ ಇರಲಿಲ್ಲ. ಹಾಳೆಯ ಮೇಲೆ ಎಡಗೈ ಬೆರಳು, ಕೀಯ ಮೇಲೆ ಬಲಗೈ ಬೆರಳು. ಒಂದು ಬಾಣಕ್ಕೆ ಒಂದು ಒತ್ತು. ಜಗಲಿಯಲ್ಲಿ ಮೆಣಸು ಆರಿಸುವ ಸದ್ದು ನಿಂತಿತ್ತು. ಮೇಲಿನ ಬಾಣ ಒಂದು. ಮೇಲಿನ ಬಾಣ ಎರಡು. ಎಂಟರ್. ಎಫ್ ಟೆನ್. ಕೊನೆಯ ಎಂಟರ್ ಒತ್ತುವ ಮುಂಚೆ ಹಾಳೆಯನ್ನು ಮತ್ತೊಮ್ಮೆ ಮೊದಲಿನಿಂದ ನೋಡಿದಳು. ಒತ್ತಿದಳು.

ಆರಿತು. ಹೊತ್ತಿತು. ಕಪ್ಪು, ಕಪ್ಪು. ಆಮೇಲೆ ಪರದೆಯ ನಡುವೆ ಬೂದು ಬಣ್ಣದ ಬೆಳಕು ಬಂತು, ಅದರ ಮೇಲೆ ಅಕ್ಷರ. ಗೆರೆಯಿಲ್ಲ. ಅಕ್ಷರಗಳೆಲ್ಲ ದಪ್ಪದಪ್ಪ, ಒಂದನೇ ಕ್ಲಾಸಿನ ಪುಸ್ತಕದಂತೆ. ಆದರೂ ಒಂದೂ ಹರಿದಿರಲಿಲ್ಲ.

"ಬಂತು!" ಎಂದು ಕೂಗಿದಳು. ಕಿಟಕಿಯಿಂದ ಸುನಿತಳ ಕೂಗು, ಬಾಗಿಲಿನಿಂದ ಮಾವನ ತಲೆ ಒಟ್ಟಿಗೇ ಬಂದವು.

"ನಾನು ಬಾಯಿ ಬಿಟ್ಟಿಲ್ಲಪ್ಪ," ಎಂದರು ಬಾಲಕೃಷ್ಣನ್. "ಕೋಳಿ ಕೂಗದಂಗೂ ನೋಡ್ಕತೀನಿ. ಪೇಡಿ ಬೇಡ, ಹೆದರ್ಕೋಬೇಡ, ಕೂತ್ಕೋ."

"ಮಾವ, ಆಗ ಅಂದದ್ದು..."

"ಅದು ಆಮೇಲೆ. ಪೆಟ್ಟೆಂದ್, ಬೇಗ ಮುಖ ತೊಳ್ಕೊ, ಕಾಡಿಗೆ ಇಳ್ದದೆ."

ಹತ್ತೂ ಐವತ್ತೆಂಟಕ್ಕೆ ರತೀಶ್ ಪರದೆಗೆ ಬಂದರು. ಉಪಚಾರದ ಮಾತಿಲ್ಲದೆ ನೇರ ವಿಷಯಕ್ಕೆ ಹೋದರು. ಬೇರೆ ಪರೀಕ್ಷೆ ಏನಿಲ್ಲ, ಡಾಕ್ಟರ್ ನೀತು ಅವರ ಮುಂದೆ ಈಗ ಒಬ್ಬ ರೋಗಿ ಇದ್ದಾರೆ, ಅವರ ಮಾತು ದಾಟಿಸಿದರೆ ಸಾಕು ಎಂದರು. ಚಿತ್ರ ಬದಲಾಯಿತು. ಬಿಳಿ ಕೋಟಿನ ಚಿಕ್ಕ ವಯಸ್ಸಿನ ಡಾಕ್ಟರು, ಅವರ ಕೈಯಲ್ಲಿ ಪೆನ್ನು. ಪಕ್ಕದ ಮಂಚದ ಅಂಚಿನಲ್ಲಿ ಒಬ್ಬ ಅಜ್ಜಿ. ಸಣ್ಣ ಚಿಪ್ಪಿಗೆ ಅಷ್ಟನ್ನು ಎಳೆಯುವುದೇ ಪ್ರಯಾಸವಾಗಿ, ಅಜ್ಜಿಯ ತುಟಿ ಒಂದು ಕಡೆ ಮಾತು ಒಂದು ಕಡೆ ಆಗುತ್ತಿತ್ತು.

ಶ್ಯಾಮಳ ಹೆಸರು ಕೇಳಿದಳು. ನಾರಾಯಣಿ, ಬಾವಲಿ ಕಡೆಯ ಹಾಡಿಯವಳು. ಎಷ್ಟು ದಿನದಿಂದ ಕಾಯಿಲೆ, ಊಟ ಸೇರುತ್ತದೆಯೇ, ವಾಂತಿಯುಂಟೇ? ಅತ್ತಿಂದಿತ್ತ ಇತ್ತಿಂದತ್ತ ಮಾತು ಸರಾಗವಾಗಿ ಹೋಯಿತು.

"ಏನಾಗ್ತದೆ ಅಜ್ಜಿ, ಹೇಳಿ."

"ಕರಳು ಉರೀತದೆ ಮಗಾ," ಎಂದಳು ನಾರಾಯಣಿ. "ರಾತ್ರೆಲ್ಲ ಉರ್ದು ಉರ್ದು ವೇದನೆ. ಕರಳೇ ಬೆಂದೋದಂಗೆ."

"ಕರಳ್ ಆಣಲ್ಲೇ?" ಎಂದರು ಡಾಕ್ಟರ್ ನೀತು. ಈ ಒಂದು ಮಾತಿಗೆ ದುಭಾಷಿ ಬೇಕಿಲ್ಲವೆಂಬ ಸಣ್ಣ ನಗು ಅವರ ಮುಖದಲ್ಲಿತ್ತು. ಪೆನ್ನು ಆಗಲೇ ಬರೆಯುತ್ತಿತ್ತು.

ಹೌದು ಎಂದು ತಲೆಯಾಡಿಸುವುದು ಎಷ್ಟು ಸುಲಭ! ಡಾಕ್ಟರಿಗೆ ಖುಷಿ, ರತೀಶನಿಗೆ ಖುಷಿ, ಹನ್ನೊಂದೂವರೆಯೊಳಗೆ ಎಲ್ಲ ಮುಗಿಯುತ್ತಿತ್ತು. ಡಾಕ್ಟರ ಮಲಯಾಳದಲ್ಲಿ ಕರಳ್ ಎಂದರೆ ಲಿವರ್. ತನ್ನ ಮನೆಯ ಕನ್ನಡದಲ್ಲಿ ಕರುಳು ಎಂದರೆ ಹೊಟ್ಟೆಯೊಳಗೆ ಸುತ್ತಿ ಮಲಗಿದ ಕರುಳು. ಬಾವಲಿಯ ಈ ಅಜ್ಜಿ ಅರ್ಧ ಈ ಭಾಷೆ ಅರ್ಧ ಆ ಭಾಷೆ ಉಂಡು ಬೆಳೆದವಳು. ಅವಳು ಯಾವುದನ್ನು ಅಂದಳೋ ಅವಳಿಗೇ ಗೊತ್ತು. ಈಗ ಕೇಳಿದರೆ ಇವಳಿಗೆ ಇಷ್ಟೂ ತಿಳಿಯದೇ ಎಂದುಕೊಂಡಾರು. ಮೂಲೆಯಲ್ಲಿ ಪುಟ್ಟ ಚೌಕದೊಳಗಿದ್ದ ರತೀಶ್ ಗಡಿಯಾರ ನೋಡಿಕೊಂಡದ್ದು ಕಂಡಿತು.

"ಒರು ಮಿನಿಟ್, ಡಾಕ್ಟರ್," ಎಂದಳು. "ನನಗೆ ಖಾತ್ರಿಯಿಲ್ಲ. ಅವರನ್ನೇ ಇನ್ನೊಂದು ಸಲ ಕೇಳಬೇಕು."

ಡಾಕ್ಟರ ಹುಬ್ಬು ಮೇಲೇರಿತು. ಪೆನ್ನು ನಿಂತಿತು.

"ಅಜ್ಜಿ, ನಂಗೆ ಸರಿಯಾಗಿ ಗೊತ್ತಾಗ್ನಿಲ್ಲ. ಉರೀತದೆ ಅಂದ್ರಲ್ಲ, ಯಾವ ಜಾಗ? ಕೈ ಇಟ್ಟು ತೋರ್ಸಿ."

ನಾರಾಯಣಿ ಪರದೆಯತ್ತ ಬಗ್ಗಿ ನೋಡಿದಳು. ತನ್ನನ್ನು ಯಾರಾದರೂ ಮತ್ತೊಮ್ಮೆ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲವೇನೋ. ಸೆರಗು ಸರಿಸಿಕೊಂಡು ಬಲಗೈ ಎತ್ತಿದಳು. ಅಷ್ಟರಲ್ಲಿ ಚಿತ್ರ ನಿಂತುಹೋಯಿತು. ಡಾಕ್ಟರು ಅಲುಗಲಿಲ್ಲ, ರತೀಶ್ ಅಲುಗಲಿಲ್ಲ, ಅಜ್ಜಿಯ ಕೈ ಗಾಳಿಯಲ್ಲಿ ಹಾಗೇ ಇತ್ತು. ಶ್ಯಾಮಳ ಯಾವ ಕೀಯನ್ನೂ ಮುಟ್ಟಲಿಲ್ಲ. ಕಣ್ಣು ಕೀಳದೆ ನೋಡುತ್ತ ಕೂತಳು.

ಚಿತ್ರ ಒಂದು ಹೆಜ್ಜೆ ಜಿಗಿಯಿತು: ಕೈ ಬಲಪಕ್ಕೆಯ ಕೆಳಗೆ, ಲಿವರ್ ಇರುವ ಕಡೆ. ಇನ್ನೊಂದು ಹೆಜ್ಜೆ: ಹೊಕ್ಕುಳ ದಾಟಿ ಇನ್ನೂ ಕೆಳಗೆ. ಆಮೇಲೆ ಮಾತೂ ಕೈಯೂ ಒಟ್ಟಿಗೆ ಬಂದವು. "ಇಲ್ಲಿ ಮಗಾ, ಇಲ್ಲಿಂದ ಸುತ್ತಿ ಸುತ್ತಿ ಇಲ್ಲಿಗಂಟ," ಎನ್ನುತ್ತ ಅಜ್ಜಿ ಕಿಬ್ಬೊಟ್ಟೆಯ ಮೇಲೆ ಬೆರಳಿನಿಂದ ಸುತ್ತು ಹಾಕುತ್ತಿದ್ದಳು. ಡಾಕ್ಟರ್ ನೀತು ಆ ಬೆರಳನ್ನೇ ನೋಡಿದರು. ಬರೆದಿದ್ದ ಕರಳ್ ಎಂಬ ಪದದ ಮೇಲೆ ಗೆರೆ ಎಳೆದು, ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡರು.